ಸಹಿಯ ಸೌಜನ್ಯ

ಪತ್ರ ಬರೆಯುವವನು ಮೊದಲ ಸಾಲನ್ನು ಬಹಳ ಯೋಚಿಸಿ ಬರೆಯುತ್ತಾನೆ; ಕೊನೆಯ ಸಾಲನ್ನು ಅಭ್ಯಾಸಬಲದಿಂದ ಮುಗಿಸುತ್ತಾನೆ. ಸಂಬೋಧನೆ ಹೇಗಿರಬೇಕು, ವಿಷಯವನ್ನು ಎಲ್ಲಿಂದ ಎತ್ತಿಕೊಳ್ಳಬೇಕು, ಬಿನ್ನಹವನ್ನು ಯಾವ ಮಾತಿನಲ್ಲಿ ಮುಂದಿಡಬೇಕು ಎಂದು ಹತ್ತು ಬಾರಿ ಹೊಡೆದು ತಿದ್ದುವವನೂ ಸಹಿಯ ಜಾಗಕ್ಕೆ ಬಂದಾಗ ಲೇಖನಿಯನ್ನು ಸರ್ರನೆ ಎಳೆದುಬಿಡುತ್ತಾನೆ. ಆದರೆ ಓದುವವನ ಕಣ್ಣು ಅನೇಕ ವೇಳೆ ಮೊದಲು ಹೋಗುವುದು ಆ ಕೊನೆಯ ಜಾಗಕ್ಕೇ. ಬರೆದವರು ಯಾರು? ಅವರು ಯಾವ ಅಧಿಕಾರದಿಂದ ಬರೆದಿದ್ದಾರೆ? ಉತ್ತರಿಸಬೇಕಾದರೆ ಎಲ್ಲಿಗೆ ಉತ್ತರಿಸಬೇಕು? ಈ ಮೂರು ಪ್ರಶ್ನೆಗಳಿಗೆ ಸಮಾಧಾನ ದೊರೆತ ಮೇಲೆಯೇ ಅವನು ನಿಶ್ಚಿಂತೆಯಿಂದ ಒಕ್ಕಣೆಯನ್ನು ಓದತೊಡಗುತ್ತಾನೆ. ಬರೆದವನ ಅಲಕ್ಷ್ಯವೂ ಓದುವವನ ಅಗತ್ಯವೂ ಹೀಗೆ ಒಂದೇ ಜಾಗದಲ್ಲಿ ಬಂದು ಸೇರುತ್ತವೆ.

ಕನ್ನಡ ನಾಡಿನಲ್ಲಿ ಸಹಿಗೆ ಹಿಂದಿನಿಂದಲೂ ದೊಡ್ಡ ಗೌರವವಿದೆ. ವಿಜಯನಗರದ ಅರಸರು ಹೊರಡಿಸಿದ ತಾಮ್ರಶಾಸನಗಳಲ್ಲಿ ಅನೇಕವು ಸಂಸ್ಕೃತ ಭಾಷೆಯಲ್ಲಿದ್ದು, ನಂದಿನಾಗರಿ ಲಿಪಿಯಲ್ಲಿ ಕೆತ್ತಲ್ಪಟ್ಟಿವೆ. ಅರಸನ ವಂಶಾವಳಿ, ದಾನದ ಭೂಮಿಯ ಎಲ್ಲೆ, ದಾನ ಪಡೆದವರ ಹೆಸರು ಎಂದು ಒಕ್ಕಣೆಯು ಹಲಗೆಯಿಂದ ಹಲಗೆಗೆ ಸಾಗುತ್ತದೆ. ಎಲ್ಲವೂ ಮುಗಿದ ಮೇಲೆ, ಕಟ್ಟಕಡೆಯಲ್ಲಿ, ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವು ಕಾಣುತ್ತದೆ. ಸಾಮ್ರಾಜ್ಯದ ಸಮಸ್ತ ವೈಭವವೂ ಒಕ್ಕಣೆಯಲ್ಲಿ ಉಳಿಯಿತು. ಅಂಕಿತಕ್ಕೆ ದೇವರ ಒಂದು ಹೆಸರು ಸಾಕಾಯಿತು. ವಚನಕಾರರ ರೀತಿಯೂ ಇದೇ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರು, ‘ಗುಹೇಶ್ವರ’ ಎಂದರೆ ಅಲ್ಲಮಪ್ರಭು, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ ಎಂದು ಓದುಗನು ಒಡನೆಯೇ ಅರಿಯುತ್ತಾನೆ. ಆ ಅಂಕಿತದಲ್ಲಿ ಬಿರುದಿಲ್ಲ, ಊರಿನ ವಿವರವಿಲ್ಲ, ಆದರೂ ಗುರುತು ತಪ್ಪುವುದಿಲ್ಲ.

ಮುಂದೆ ಅಂಚೆಯ ಕಾಲ ಬಂದಿತು. ಭಾರತದಲ್ಲಿ 1879 ರಲ್ಲಿ ಬಳಕೆಗೆ ಬಂದ ಅಂಚೆ ಕಾರ್ಡು ಜನರಿಗೆ ಮಿತವಾದ ಮಾತನ್ನು ಕಲಿಸಿತು. ಅಂಗೈಯಗಲದ ಆ ಹಾಳೆಯಲ್ಲಿ ಕ್ಷೇಮಸಮಾಚಾರ, ಮದುವೆಯ ಮಾತುಕತೆ, ಮಳೆಬೆಳೆಯ ಸುದ್ದಿ ಎಲ್ಲವೂ ಹಿಡಿಯಬೇಕಿದ್ದುದರಿಂದ ಸಹಿಗೆ ಉಳಿಯುತ್ತಿದ್ದುದು ಒಂದು ಮೂಲೆ ಮಾತ್ರ. ಶಾಲೆಯ ಮಕ್ಕಳು ಇಂದಿಗೂ ಪತ್ರಲೇಖನದಲ್ಲಿ ಸ್ಥಳ ಮತ್ತು ದಿನಾಂಕಗಳಿಗೆ ಒಂದು ಜಾಗ, ಸಂಬೋಧನೆಗೆ ಒಂದು ಜಾಗ, ‘ಇಂತಿ ತಮ್ಮ ವಿಧೇಯ’ ಎಂಬುದಕ್ಕೆ ಮತ್ತೊಂದು ಜಾಗ ಎಂದು ಕಲಿಯುತ್ತಾರೆ. ಇದನ್ನು ಕೆಲವರು ಹಳೆಯ ಕಟ್ಟಳೆಯೆಂದು ನಗುವುದುಂಟು. ಆದರೆ ಬಾಳೆಯೆಲೆಯ ಊಟಕ್ಕೆ ಕುಳಿತವನು ಉಪ್ಪು ಎಲ್ಲಿದೆಯೆಂದು ಹುಡುಕುವುದಿಲ್ಲ. ಎಲೆಯ ಎಡತುದಿಗೆ ಕೈ ತಾನಾಗಿಯೇ ಹೋಗುತ್ತದೆ. ಬಡಿಸುವವರು ಒಂದು ಕ್ರಮವನ್ನು ಪಾಲಿಸಿದ್ದರಿಂದ ಉಣ್ಣುವವನಿಗೆ ಆ ಅನುಕೂಲ ದೊರೆಯಿತು. ಪತ್ರದ ವಿನ್ಯಾಸವೂ ಹೀಗೆಯೇ ಓದುವವನ ಶ್ರಮವನ್ನು ಉಳಿಸಲು ಹುಟ್ಟಿದ ಕ್ರಮ.

ಈಗ ಪತ್ರವ್ಯವಹಾರದ ಬಹುಭಾಗವು ಇ-ಮೇಲ್ ಎಂದು ಎಲ್ಲರೂ ಕರೆಯುವ ಮಿಂಚಂಚೆಗೆ ಸಾಗಿದೆ. 1971 ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಅವರು ಜಾಲಕ್ಕೆ ಸೇರಿದ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಸಂದೇಶವನ್ನು ಕಳುಹಿಸಿದಾಗ ಅದರಲ್ಲಿ ಬರಿಯ ಅಕ್ಷರಗಳಿದ್ದುವು. ಬಣ್ಣವಾಗಲಿ ಚಿತ್ರವಾಗಲಿ ಇರಲಿಲ್ಲ. ಬಹುಕಾಲದವರೆಗೆ ಮಿಂಚಂಚೆಯು ಹೀಗೆ ಸರಳವಾಗಿಯೇ ಇದ್ದಿತು. 1995 ರಲ್ಲಿ ಜಾಲಬಳಕೆಯ ಶಿಷ್ಟಾಚಾರವನ್ನು ಕುರಿತು ಪ್ರಕಟವಾದ ಮಾರ್ಗಸೂಚಿಯೊಂದು, ಪತ್ರದ ಕೆಳಗಿನ ಸಹಿಯು ನಾಲ್ಕು ಸಾಲುಗಳನ್ನು ಮೀರದಿದ್ದರೆ ಒಳ್ಳೆಯದೆಂದು ಸೂಚಿಸಿತು. ಅದಕ್ಕೆ ಕೊಟ್ಟ ಕಾರಣವು ನೆನಪಿಡತಕ್ಕದ್ದು. ಅನೇಕರು ಜಾಲಸಂಪರ್ಕಕ್ಕಾಗಿ ನಿಮಿಷಗಳ ಲೆಕ್ಕದಲ್ಲಿ ಹಣ ತೆರುತ್ತಿದ್ದರು. ಸಂದೇಶವು ಉದ್ದವಾದಷ್ಟೂ ಅದನ್ನು ಪಡೆಯುವವನ ಖರ್ಚು ಹೆಚ್ಚುತ್ತಿತ್ತು. ಅಂದರೆ ಬರೆದವನ ಆಡಂಬರಕ್ಕೆ ಓದುವವನು ಬೆಲೆ ಕೊಡಬೇಕಾಗಿತ್ತು. ನಿಮಿಷದ ಲೆಕ್ಕ ಇಂದು ಹೋಗಿರಬಹುದು. ಆ ಅನ್ಯಾಯವು ಮಾತ್ರ ಬೇರೆ ಬೇರೆ ರೂಪಗಳಲ್ಲಿ ಉಳಿದಿದೆ.

1992 ರಲ್ಲಿ ರೂಪುಗೊಂಡ ಹೊಸ ನಿಯಮಗಳಿಂದ ಮಿಂಚಂಚೆಯಲ್ಲಿ ಚಿತ್ರ, ಧ್ವನಿ ಮತ್ತು ಇಂಗ್ಲಿಷೇತರ ಲಿಪಿಗಳನ್ನು ಕಳುಹಿಸಲು ದಾರಿಯಾಯಿತು. ಇದು ದೊಡ್ಡ ಉಪಕಾರ. ಆದರೆ ಅದರ ಜೊತೆಯಲ್ಲೇ ಪತ್ರದ ತಳಭಾಗವು ಪ್ರಚಾರದ ಜಾಗವೂ ಆಯಿತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಡನೆ 1996 ರಲ್ಲಿ ಹಾಟ್‌ಮೇಲ್ ಎಂಬ ಉಚಿತ ಅಂಚೆಸೇವೆಯನ್ನು ಅಮೆರಿಕದಲ್ಲಿ ಆರಂಭಿಸಿದಾಗ, ಅದರ ಮೂಲಕ ಹೋಗುವ ಪ್ರತಿಯೊಂದು ಪತ್ರದ ಬುಡದಲ್ಲಿಯೂ ಆ ಸೇವೆಗೆ ಸೇರಲು ಆಹ್ವಾನಿಸುವ ಒಂದು ಸಾಲು ಇರುತ್ತಿತ್ತು. ಆ ಒಂದು ಸಾಲಿನಿಂದಲೇ ಸೇವೆಯ ಸುದ್ದಿಯು ಬಹುಬೇಗ ಹರಡಿತು. 1997 ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಪತ್ರದ ಬುಡಕ್ಕೆ ಎಷ್ಟು ಶಕ್ತಿಯಿದೆಯೆಂಬುದನ್ನು ವ್ಯಾಪಾರ ಪ್ರಪಂಚವು ಅಂದು ಕಂಡುಕೊಂಡಿತು. ಗೆದ್ದ ಆ ಸಾಲು ಸರಳವಾದ ಅಕ್ಷರಗಳ ಸಾಲಾಗಿತ್ತು ಎಂಬುದನ್ನು ಮಾತ್ರ ಅದು ಮರೆತಿತು.

ಇಂದಿನ ಅನೇಕ ಸಹಿಗಳನ್ನು ನೋಡಿದರೆ ‘ಮೂಗಿಗಿಂತ ಮೂಗುತಿ ಭಾರ’ ಎಂಬ ಗಾದೆ ನೆನಪಾಗುತ್ತದೆ. ‘ಆಗಲಿ, ನಾಳೆ ಬನ್ನಿ’ ಎಂಬ ಮೂರು ಶಬ್ದಗಳ ಪತ್ರದ ಕೆಳಗೆ ಭಾವಚಿತ್ರ, ಸಂಸ್ಥೆಯ ಲಾಂಛನ, ಪದವಿಗಳ ಸಾಲು, ನಾಲ್ಕು ದೂರವಾಣಿ ಸಂಖ್ಯೆಗಳು, ಐದು ಬಣ್ಣದ ಗುಂಡಿಗಳು, ಒಂದು ಸುಭಾಷಿತ, ಅದರ ಕೆಳಗೆ ಉತ್ಸವದ ಶುಭಾಶಯದ ಪಟ್ಟಿ! ಇದು ಕೇವಲ ಅಭಿರುಚಿಯ ಪ್ರಶ್ನೆಯಾಗಿದ್ದರೆ ಯಾರೂ ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ದೂರದ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿರುವಳೆಂದು ಭಾವಿಸಬಹುದು. ‘ನಿಮ್ಮ ದಾಖಲೆಯಲ್ಲಿ ಕೊರತೆಯಿದೆ, ಕೆಳಗೆ ಸಹಿ ಮಾಡಿದವರನ್ನು ಸಂಜೆಯೊಳಗೆ ಸಂಪರ್ಕಿಸಿರಿ’ ಎಂದು ಕಚೇರಿಯಿಂದ ಪತ್ರ ಬರುತ್ತದೆ. ಕೆಳಗೆ ಸಹಿಯಿದ್ದ ಜಾಗದಲ್ಲಿ ಅವಳ ಹಳೆಯ ಮೊಬೈಲ್ ಫೋನು ತೋರಿಸುವುದು ಒಂದು ಖಾಲಿ ಚೌಕವನ್ನು. ಹೆಸರು, ಸಂಖ್ಯೆ ಎಲ್ಲವೂ ತೆರೆಯದೆ ಉಳಿದ ಆ ಚಿತ್ರದೊಳಗೆ ಸಿಕ್ಕಿಕೊಂಡಿವೆ. ಅಧಿಕಾರಿಯ ಪರದೆಯ ಮೇಲೆ ಆ ಸಹಿಯು ಬಹು ಸುಂದರವಾಗಿಯೇ ಕಾಣುತ್ತಿರುತ್ತದೆ. ಸಹಿಯ ವಿನ್ಯಾಸವನ್ನು ಆರಿಸಿಕೊಳ್ಳುವುದೆಂದರೆ ಓದುವವನ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದು ಹೇಳಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮಿಂಚಂಚೆಯ ಸಹಿಗೆ ಇಂದು ಬಳಕೆಯಲ್ಲಿರುವ ವಿನ್ಯಾಸಗಳು ಮುಖ್ಯವಾಗಿ ನಾಲ್ಕು. ಒಂದರ ಕೆಳಗೊಂದು ಸಾಲುಗಳನ್ನು ಜೋಡಿಸುವುದು ಮೊದಲನೆಯದು. ಎಲ್ಲ ವಿವರಗಳನ್ನೂ ನಡುವೆ ಗೀಟುಗಳನ್ನಿಟ್ಟು ಒಂದೇ ಉದ್ದ ಸಾಲಿನಲ್ಲಿ ಪೋಣಿಸುವುದು ಎರಡನೆಯದು. ಎಡಗಡೆ ಲಾಂಛನ ಅಥವಾ ಭಾವಚಿತ್ರ, ಬಲಗಡೆ ವಿವರಗಳು ಎಂದು ಎರಡು ಕಂಬಸಾಲುಗಳಾಗಿ ವಿಂಗಡಿಸುವುದು ಮೂರನೆಯದು. ಇಡೀ ಸಹಿಯನ್ನು ಒಂದೇ ಚಿತ್ರವಾಗಿ ಸಿದ್ಧಪಡಿಸಿ ಅಂಟಿಸುವುದು ನಾಲ್ಕನೆಯದು. ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ಗುಣದೋಷಗಳುಂಟು.

ಒಂದರ ಕೆಳಗೊಂದು ಜೋಡಿಸಿದ ಸಾಲುಗಳು ನೋಡಲು ಸಾಧಾರಣ. ಆದರೆ ದೊಡ್ಡ ಪರದೆಯಾಗಲಿ, ಅಂಗೈಯ ಫೋನಾಗಲಿ, ಯಾವುದೇ ತಂತ್ರಾಂಶವಾಗಲಿ, ಆ ಸಾಲುಗಳು ಕೆಡುವುದಿಲ್ಲ. ಹೆಸರು, ಹುದ್ದೆ ಮತ್ತು ಸಂಸ್ಥೆ, ಊರು, ದೂರವಾಣಿ ಎಂಬ ಕ್ರಮದಲ್ಲಿ ನಾಲ್ಕು ಸಾಲುಗಳಿದ್ದರೆ ಕಣ್ಣು ಮೇಲಿನಿಂದ ಕೆಳಕ್ಕೆ ತಡೆಯಿಲ್ಲದೆ ಇಳಿಯುತ್ತದೆ. ಸಹಿಯ ಮೇಲೆ ಎರಡು ಅಡ್ಡಗೆರೆ ಮತ್ತು ಒಂದು ತೆರಪನ್ನು ಮಾತ್ರ ಹೊಂದಿರುವ ಸಾಲನ್ನು ಇಡುವ ಹಳೆಯ ಸಂಪ್ರದಾಯವೂ ಉಂಟು. ಅದನ್ನು ಗುರುತಿಸಬಲ್ಲ ತಂತ್ರಾಂಶಗಳು ಮರುಪತ್ರ ಬರೆಯುವಾಗ ಹಿಂದಿನ ಸಹಿಯನ್ನು ತಾವಾಗಿಯೇ ಬಿಟ್ಟುಬಿಡುತ್ತವೆ. ಒಂದೇ ಉದ್ದ ಸಾಲಿನ ಸಹಿಯು ಜಾಗವನ್ನು ಉಳಿಸುತ್ತದೆ. ಎರಡು ಮೂರು ವಿವರಗಳಿಗೆ ಅದು ಸಾಕು. ವಿವರಗಳು ಹೆಚ್ಚಿದಾಗ ಮಾತ್ರ ಅದು ಕಿರಿದಾದ ಪರದೆಯಲ್ಲಿ ಎಲ್ಲೆಂದರಲ್ಲಿ ಮುರಿಯುತ್ತದೆ. ದೂರವಾಣಿ ಸಂಖ್ಯೆಯ ಅರ್ಧ ಒಂದು ಸಾಲಿನಲ್ಲಿ, ಉಳಿದರ್ಧ ಮುಂದಿನ ಸಾಲಿನಲ್ಲಿ ಬಿದ್ದರೆ ಓದುಗನು ತಪ್ಪು ಸಂಖ್ಯೆಯನ್ನು ಬರೆದುಕೊಳ್ಳುವುದು ಸಹಜ.

ಎರಡು ಕಂಬಸಾಲುಗಳ ವಿನ್ಯಾಸವು ಕಣ್ಣಿಗೆ ಗಂಭೀರವಾಗಿ ಕಾಣುವುದರಿಂದ ಸಂಸ್ಥೆಗಳಿಗೆ ಪ್ರಿಯವಾಗಿದೆ. ಇದನ್ನು ಸಾಮಾನ್ಯವಾಗಿ ಗೆರೆ ಕಾಣದ ಕೋಷ್ಟಕದ ಮೇಲೆ ಕಟ್ಟುತ್ತಾರೆ. ಜಾಲಪುಟಗಳಲ್ಲಿ ಹಿಂದೆ ಸರಿದ ಈ ಕೋಷ್ಟಕದ ಪದ್ಧತಿಯು ಮಿಂಚಂಚೆಯಲ್ಲಿ ಉಳಿದುಕೊಂಡಿರುವುದಕ್ಕೆ ಕಾರಣವುಂಟು. 2007 ರಿಂದ ಔಟ್‌ಲುಕ್ ತಂತ್ರಾಂಶವು ಪತ್ರವನ್ನು ಪರದೆಯ ಮೇಲೆ ಮೂಡಿಸಲು ಬೆರಳಚ್ಚಿನ ತಂತ್ರಾಂಶವಾದ ವರ್ಡ್‌ನ ವ್ಯವಸ್ಥೆಯನ್ನೇ ಬಳಸತೊಡಗಿತು. ಹೊಸ ಬಗೆಯ ಜೋಡಣೆಯ ಅನೇಕ ಸೂಚನೆಗಳು ಅದಕ್ಕೆ ಅರ್ಥವಾಗುವುದಿಲ್ಲ, ಕೋಷ್ಟಕವು ಅರ್ಥವಾಗುತ್ತದೆ. ಆದ್ದರಿಂದ ಎರಡು ಕಂಬಸಾಲು ಬೇಕೇಬೇಕೆನ್ನುವವರು ಕೋಷ್ಟಕವನ್ನು ಆಶ್ರಯಿಸುವುದು ವಿವೇಕವೇ ಸರಿ. ಆದರೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಇಲ್ಲಿಯೂ ಸಲ್ಲುವ ಮಾತು. ಮಿಂಚಂಚೆಯನ್ನು ಸಾಮಾನ್ಯವಾಗಿ 600 ಪಿಕ್ಸೆಲ್ ಅಗಲಕ್ಕೆ ರೂಪಿಸುವ ರೂಢಿಯಿದೆ. ಅನೇಕ ಫೋನುಗಳ ಪರದೆಯು ಅದೇ ಲೆಕ್ಕದಲ್ಲಿ 360 ರಿಂದ 400 ರಷ್ಟು ಮಾತ್ರ ಅಗಲವಿರುತ್ತದೆ. ಎಡಗಡೆಯ ಲಾಂಛನವು ಅರ್ಧ ಜಾಗವನ್ನು ಕಬಳಿಸಿದರೆ ಬಲಗಡೆಯ ಹೆಸರು ಅಕ್ಷರಕ್ಕೊಂದು ಸಾಲಾಗಿ ಮುದುಡುತ್ತದೆ, ಇಲ್ಲವೇ ಇಡೀ ಸಹಿಯು ಓದಲಾಗದಷ್ಟು ಕಿರಿದಾಗುತ್ತದೆ. ಚಿಕ್ಕ ಲಾಂಛನ, ಮೂರು ನಾಲ್ಕು ಗಿಡ್ಡ ಸಾಲುಗಳು ಎಂಬ ಮಿತಿಯೊಳಗೆ ಮಾತ್ರ ಈ ವಿನ್ಯಾಸವು ಒಪ್ಪುತ್ತದೆ.

ನಾಲ್ಕನೆಯ ವಿನ್ಯಾಸವು ತಯಾರಿಸಲು ಎಲ್ಲಕ್ಕಿಂತ ಸುಲಭ, ಓದುವವನಿಗೆ ಎಲ್ಲಕ್ಕಿಂತ ಕಷ್ಟ. ಹೊರಗಿನಿಂದ ಬರುವ ಚಿತ್ರಗಳನ್ನು ಓದುಗನ ಅಪ್ಪಣೆಯಿಲ್ಲದೆ ತೋರಿಸದಿರುವ ತಂತ್ರಾಂಶಗಳುಂಟು. ತೋರಿಸಿದರೂ ಚಿತ್ರದೊಳಗಿನ ಸಂಖ್ಯೆಯನ್ನು ಮುಟ್ಟಿ ಕರೆ ಮಾಡುವುದು, ವಿಳಾಸವನ್ನು ನಕಲು ಮಾಡಿಕೊಳ್ಳುವುದು ಅನೇಕ ಸಾಧನಗಳಲ್ಲಿ ಸಾಧ್ಯವಾಗುವುದಿಲ್ಲ. ಇನ್ನು ಅದರ ಭಾರ. ಪತ್ರದೊಡನೆ ಸೇರಿಸಿ ಕಳುಹಿಸುವ ಚಿತ್ರವನ್ನು ಅಂಚೆಗೆ ತಕ್ಕ ಸಂಕೇತಗಳಿಗೆ ಪರಿವರ್ತಿಸುವಾಗ ಅದರ ಗಾತ್ರವು ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. 60 ಕಿಲೋಬೈಟಿನ ಚಿತ್ರವು 80 ಆಗುತ್ತದೆ. ನೂರು ಜನ ನೌಕರರ ಕಚೇರಿಯಲ್ಲಿ ಒಬ್ಬೊಬ್ಬರು ದಿನಕ್ಕೆ 20 ಪತ್ರಗಳನ್ನು ಬರೆದರೆ ಸಹಿಗಳ ಚಿತ್ರವೊಂದೇ ದಿನಕ್ಕೆ 160 ಮೆಗಾಬೈಟ್ ಆಯಿತು. ಹೆಸರು, ಹುದ್ದೆ, ಸಂಖ್ಯೆಗಳನ್ನು ಬರಿಯ ಅಕ್ಷರಗಳಲ್ಲಿ ಬರೆದರೆ ಒಂದು ಸಹಿಗೆ ಒಂದು ಕಿಲೋಬೈಟೂ ಬೇಕಾಗುವುದಿಲ್ಲ.

ದೃಷ್ಟಿಯಿಲ್ಲದ ಓದುಗರ ವಿಷಯವನ್ನು ಇಲ್ಲಿ ಮರೆಯಲಾಗದು. ಅವರು ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶದ ನೆರವಿನಿಂದ ಪತ್ರಗಳನ್ನು ಕೇಳುತ್ತಾರೆ. ಚಿತ್ರವಾಗಿ ಅಂಟಿಸಿದ ಸಹಿಗೆ ಬದಲಿ ಮಾತುಗಳನ್ನು ಜೋಡಿಸಿರದಿದ್ದರೆ ಆ ತಂತ್ರಾಂಶವು ‘ಚಿತ್ರ’ ಎಂದೋ, ಕಡತದ ಅರ್ಥವಿಲ್ಲದ ಹೆಸರನ್ನೋ ಉಚ್ಚರಿಸಿ ಮುಂದೆ ಸಾಗುತ್ತದೆ. ಕೋಷ್ಟಕವನ್ನು ಅದು ಅಡ್ಡಸಾಲುಗಳ ಕ್ರಮದಲ್ಲಿ ಓದುತ್ತದೆ. ಆದ್ದರಿಂದ ಅಂದಕ್ಕಾಗಿ ಹೆಸರನ್ನು ಒಂದು ಕಡೆ, ಹುದ್ದೆಯನ್ನು ಮತ್ತೊಂದು ಕಡೆ ಚೆದುರಿಸಿದರೆ ಕೇಳುವವರಿಗೆ ಅದು ಗೊಂದಲವಾಗಿಯೇ ತಲುಪುತ್ತದೆ. ಮಂದದೃಷ್ಟಿಯವರಿಗೂ ವೃದ್ಧರಿಗೂ ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳು ಕಂಟಕಪ್ರಾಯ. ಜಾಲದ ಬರೆಹವು ಎಲ್ಲರಿಗೂ ಎಟುಕಬೇಕೆಂದು ರೂಪಿಸಲಾದ 2008 ರ ಅಂತರರಾಷ್ಟ್ರೀಯ ಮಾನದಂಡವು, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಣ ಬೆಳಕಿನ ಅಂತರವು ಕಡೆಯಪಕ್ಷ 4.5 ಕ್ಕೆ 1 ರ ಪ್ರಮಾಣದಲ್ಲಿರಬೇಕೆಂದು ಹೇಳುತ್ತದೆ. ಬಿಳಿಯ ಮೇಲೆ ಕಪ್ಪು ಎಂಬ ಹಳೆಯ ಪದ್ಧತಿಯು ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ.

ಕನ್ನಡದಲ್ಲಿ ಸಹಿ ಮಾಡುವವರಿಗೆ ಇನ್ನೂ ಒಂದು ವಿಚಾರವುಂಟು. ಒಂದು ಕಾಲದಲ್ಲಿ ಕನ್ನಡದ ತಂತ್ರಾಂಶಗಳು ತಮ್ಮ ತಮ್ಮ ಅಕ್ಷರಶೈಲಿಗೆ ಮಾತ್ರ ಒಗ್ಗುವ ಸಂಕೇತಗಳನ್ನು ಬಳಸುತ್ತಿದ್ದುವು. ಅದೇ ಅಕ್ಷರಶೈಲಿಯು ಪಡೆಯುವವನ ಯಂತ್ರದಲ್ಲಿ ಇಲ್ಲದಿದ್ದರೆ ಹೆಸರಿನ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೇ ಕಾಣುತ್ತಿತ್ತು. ಆದ್ದರಿಂದ ಕನ್ನಡದ ಹೆಸರನ್ನು ಚಿತ್ರವಾಗಿ ಕಳುಹಿಸುವ ಅಭ್ಯಾಸವು ಬೆಳೆಯಿತು. 1991 ರಲ್ಲಿ ಹೊರಬಂದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಇಂದಿನ ಫೋನುಗಳೂ ಗಣಕಯಂತ್ರಗಳೂ ಅದನ್ನು ಅರಿತಿವೆ. ಹೀಗಿರುವಾಗ ಕನ್ನಡದ ಹೆಸರನ್ನು ಚಿತ್ರದ ಸೆರೆಯಲ್ಲಿಡಲು ಕಾರಣವೇ ಉಳಿದಿಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಅಂತರವು ಇದಕ್ಕೆ ಸಾಲದು. ಸಾಲುಗಳ ನಡುವೆ ತುಸು ಹೆಚ್ಚಿನ ಜಾಗ ಬಿಡಬೇಕು. ಎರಡು ಲಿಪಿಗಳೂ ಬೇಕಾದವರು ಅವುಗಳನ್ನು ಅಕ್ಕಪಕ್ಕದ ಕಂಬಸಾಲುಗಳಲ್ಲಿ ಒತ್ತಿಡುವುದಕ್ಕಿಂತ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಎಂದು ಜೋಡಿಸುವುದು ಲೇಸು. ಹೊರನಾಡಿನ ಕನ್ನಡಿಗನಿಗೆ ಆ ಮೊದಲ ಸಾಲು ತನ್ನ ಭಾಷೆಯ ಗುರುತು. ಎರಡನೆಯ ಸಾಲು ಓದುವವನಿಗೆ ತೋರುವ ಮರ್ಯಾದೆ.

ಇಷ್ಟು ಸರಳತೆಯು ಸಂಸ್ಥೆಗಳಿಗೆ ಸಾಧ್ಯವೇ ಎಂಬ ಆಕ್ಷೇಪಣೆಯು ಏಳಬಹುದು, ಅದರಲ್ಲಿ ಹುರುಳಿಲ್ಲದಿಲ್ಲ. ಭಾರತದ 2013 ರ ಕಂಪನಿಗಳ ಕಾಯಿದೆಯು ಕಂಪನಿಯ ವ್ಯವಹಾರ ಪತ್ರಗಳಲ್ಲಿ ಅದರ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಗುರುತಿನ ಸಂಖ್ಯೆ, ದೂರವಾಣಿ ಮೊದಲಾದುವು ಇರಬೇಕೆಂದು ವಿಧಿಸುತ್ತದೆ. ಜರ್ಮನಿಯಲ್ಲಿ 2007 ರಿಂದ ಇಂಥ ವಿವರಗಳು ವ್ಯವಹಾರದ ಮಿಂಚಂಚೆಯಲ್ಲಿಯೂ ಕಡ್ಡಾಯವಾಗಿವೆ. ಕಾನೂನು ಕೇಳುವುದನ್ನು ಕೊಡಲೇಬೇಕು. ಆದರೆ ಎಲ್ಲವನ್ನೂ ಒಂದೇ ಮೂಟೆಯಾಗಿ ಕಟ್ಟಬೇಕೆಂದು ಕಾನೂನು ಹೇಳುವುದಿಲ್ಲ. ಬರೆದ ವ್ಯಕ್ತಿಯ ಹೆಸರು, ಹುದ್ದೆ, ಸಂಖ್ಯೆಗಳು ಮೇಲಿನ ಮೂರು ಸಾಲುಗಳಲ್ಲಿರಲಿ. ಒಂದು ತೆರಪು ಬಿಟ್ಟು ಸಂಸ್ಥೆಯ ವಿವರಗಳು ಕೆಳಗಿರಲಿ. ಮೊದಲ ಪತ್ರಕ್ಕೆ ಪೂರ್ಣ ಸಹಿ, ಮರುಪತ್ರಗಳಿಗೆ ಚಿಕ್ಕ ಸಹಿ ಎಂದು ಬೇರೆ ಬೇರೆಯಾಗಿ ನಿಗದಿಪಡಿಸುವ ಸೌಕರ್ಯವನ್ನು ಪ್ರಮುಖ ತಂತ್ರಾಂಶಗಳು ಒದಗಿಸಿವೆ. ಹತ್ತು ಬಾರಿ ಹೋಗಿಬರುವ ಪತ್ರದಲ್ಲಿ ಹತ್ತು ಬಾರಿಯೂ ಲಾಂಛನವು ಮೆರವಣಿಗೆ ಹೊರಡಬೇಕಾಗಿಲ್ಲ.

ಆಡಂಬರದ ಸಹಿಯು ಪತ್ರಕ್ಕೆ ವಿಶ್ವಾಸಾರ್ಹತೆಯನ್ನು ತರುತ್ತದೆಯೆಂಬುದು ಮತ್ತೊಂದು ವಾದ. ಇದರಲ್ಲಿ ಅಪಾಯವಿದೆ. ವಿರೂಪಾಕ್ಷನ ಅಂಕಿತಕ್ಕೆ ತಾಮ್ರದ ಹಲಗೆಯೂ ಅರಸನ ಅಧಿಕಾರವೂ ಬೆಂಬಲವಾಗಿದ್ದುವು. ಮಿಂಚಂಚೆಯ ಬುಡದಲ್ಲಿರುವ ಲಾಂಛನವನ್ನಾದರೋ ಯಾರು ಬೇಕಾದರೂ ನಕಲು ಮಾಡಬಹುದು. ವಂಚಕರು ಮಾಡುತ್ತಲೂ ಇದ್ದಾರೆ. 2000 ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಮಾನ್ಯ ಮಾಡಿದ ಡಿಜಿಟಲ್ ಸಹಿಯೇ ಬೇರೆ, ಪತ್ರದ ಕೆಳಗಿನ ಈ ಹೆಸರುಪಟ್ಟಿಯೇ ಬೇರೆ. ಮೊದಲನೆಯದು ಗಣಿತದ ಬಲದಿಂದ ಬರೆದವನನ್ನು ದೃಢಪಡಿಸುತ್ತದೆ. ಎರಡನೆಯದು ಪರಿಚಯವನ್ನು ಮಾತ್ರ ಹೇಳುತ್ತದೆ. ಅಲಂಕಾರವನ್ನು ಕಂಡೊಡನೆ ನಂಬುವ ಅಭ್ಯಾಸವು ಜನರಲ್ಲಿ ಬೆಳೆದರೆ ಅದರ ಲಾಭ ವಂಚಕನಿಗೇ ಹೊರತು ಸಜ್ಜನನಿಗಲ್ಲ.

ಆದ್ದರಿಂದ ಸಹಿಯ ವಿನ್ಯಾಸವನ್ನು ಆರಿಸುವವರು ತಮ್ಮ ಪರದೆಯನ್ನು ನೋಡಿ ತೃಪ್ತರಾಗಬಾರದು. ಸಿದ್ಧವಾದ ಸಹಿಯನ್ನು ಒಂದು ಹಳೆಯ ಫೋನಿಗೆ ಕಳುಹಿಸಿ ನೋಡಬೇಕು. ಚಿತ್ರಗಳನ್ನು ಮರೆಮಾಡಿ ನೋಡಬೇಕು. ಪರದೆಯ ಹಿನ್ನೆಲೆಯನ್ನು ಕಪ್ಪಾಗಿಸಿ ನೋಡಬೇಕು. ಬೇರೆಯವರಿಂದ ಗಟ್ಟಿಯಾಗಿ ಓದಿಸಿ ಕೇಳಬೇಕು. ಈ ನಾಲ್ಕರಲ್ಲಿಯೂ ಹೆಸರು, ಹುದ್ದೆ, ಸಂಪರ್ಕದ ದಾರಿ ಉಳಿದರೆ ಆ ವಿನ್ಯಾಸವು ಯೋಗ್ಯವಾದುದು. ಅದರ ಮೇಲೆ ಚಿಕ್ಕದೊಂದು ಲಾಂಛನವಿದ್ದರೆ ಯಾರ ಅಭ್ಯಂತರವೂ ಇರದು. ಸಂದೇಹವಾದಾಗ ಒಂದರ ಕೆಳಗೊಂದು ನಿಂತ ನಾಲ್ಕು ಸರಳ ಸಾಲುಗಳಿಗೆ ಮರಳುವುದೇ ಕ್ಷೇಮ.

ಆ ದೂರದ ಹಳ್ಳಿಯ ವಿದ್ಯಾರ್ಥಿನಿಗೆ ಬೇಕಾಗಿದ್ದುದು ಒಂದು ಹೆಸರು ಮತ್ತು ಹತ್ತು ಅಂಕಿಗಳು. ಅವು ಬರಿಯ ಅಕ್ಷರಗಳಾಗಿ ಅವಳ ಕಣ್ಣೆದುರಿಗೆ ಮೂಡಿದ್ದರೆ ಅವಳು ಸಂಜೆಯೊಳಗೆ ಕರೆ ಮಾಡುತ್ತಿದ್ದಳು, ಅರ್ಜಿಯು ಊರ್ಜಿತವಾಗುತ್ತಿತ್ತು. ಬರೆದವರ ಹೆಸರು ಓದುವವರಿಗೆ ಎಟುಕಿದಾಗಲೇ ಪತ್ರವು ಪೂರ್ಣವಾಗುತ್ತದೆ.